ಚುಕ್ಕೆ ಮೇಕೆಗೆ ಯಾಕಿಷ್ಟು ಬೆಲೆ?

ಒಂದೇ ತಾಯಿ, ಒಂದೇ ತಂದೆ, ಒಂದೇ ದಿನ ಹುಟ್ಟಿದ ಅವಳಿ ಹೋತಮರಿಗಳು. ಅಮೆರಿಕದ ಟೆಕ್ಸಾಸ್ ಕಡೆಯ ಒಂದು ತಳಿ ಹರಾಜಿನಲ್ಲಿ ಇವೆರಡೂ ಕಟಕಟೆಯೊಳಗೆ ಬಂದು ನಿಂತಿವೆ ಅಂದುಕೊಳ್ಳಿ. ಒಂದರ ಮೈ ಪೂರ್ತಿ ಬಿಳಿ, ತಲೆ ಮಾತ್ರ ಇಟ್ಟಿಗೆ ಕೆಂಪು. ಇನ್ನೊಂದರ ಮೈಯೆಲ್ಲ ಕೆಂಪು, ಅದರ ಮೇಲೆ ಯಾರೋ ಸುಣ್ಣದ ನೀರು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆಗಳು. ತೂಕ ಹೆಚ್ಚುಕಮ್ಮಿ ಅಷ್ಟೇ. ಬೆನ್ನು ಹಿಡಿದು ನೋಡಿದರೆ ಅದೇ ಅಗಲ. ಕೂಗುವವನ ಬಾಯಿ ರೈಲಿನ ಹಾಗೆ ಓಡುತ್ತದೆ. ಮೊದಲನೆಯದು ಒಂದು ಬೆಲೆಗೆ ಹೋಗುತ್ತದೆ. ಎರಡನೆಯದು ಬಂದಾಗ ಅದುವರೆಗೆ ಕಾಫಿ ಕುಡಿಯುತ್ತ ಕೂತವರೂ ಕೈ ಎತ್ತುತ್ತಾರೆ. ಬೆಲೆ ಎರಡರಷ್ಟಾದರೂ ಯಾರೂ ಹುಬ್ಬೇರಿಸುವುದಿಲ್ಲ.

ಹಸು ಕಪ್ಪಾದರೆ ಹಾಲು ಕಪ್ಪೇ ಅಂತ ನಮ್ಮಲ್ಲಿ ಕೇಳುತ್ತಾರೆ. ಹಾಗಾದರೆ ಮೇಕೆ ಚುಕ್ಕೆಯಾದರೆ ಮಾಂಸಕ್ಕೆ ಏನಾಗುತ್ತದೆ? ಏನೂ ಆಗುವುದಿಲ್ಲ. ಮತ್ತೆ ಈ ದುಡ್ಡು ಯಾವುದಕ್ಕೆ? ಬೋಯರ್ ಮೇಕೆಯ ಮಾರುಕಟ್ಟೆ ಅರ್ಥವಾಗಬೇಕಾದರೆ ಈ ಪ್ರಶ್ನೆಯಿಂದಲೇ ಶುರು ಮಾಡಬೇಕು.

ಬೋಯರ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಡಚ್ ಭಾಷೆಯಲ್ಲಿ ಆ ಪದಕ್ಕೆ ರೈತ ಅಂತ ಅರ್ಥ. ಅಲ್ಲಿನ ಈಸ್ಟರ್ನ್ ಕೇಪ್ ಭಾಗದ ರೈತರು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಾಂಸಕ್ಕಾಗಿಯೇ ಆರಿಸಿ ಆರಿಸಿ ಬೆಳೆಸಿದ ತಳಿ ಇದು. ಗಿಡ್ಡ ಕಾಲು, ಅಗಲ ಎದೆ, ಜೋತುಬಿದ್ದ ಕಿವಿ, ಬೇಗ ತೂಕ ಬರುವ ಮೈ. 1959ರಲ್ಲಿ ಅಲ್ಲಿ ತಳಿಗಾರರ ಸಂಘ ಹುಟ್ಟಿತು, ತಳಿ ಹೀಗಿರಬೇಕು ಅಂತ ನಿಯಮ ಬರೆಯಿತು. ಬಿಳಿ ಮೈ, ಕೆಂಪು ತಲೆ ಅನ್ನುವುದು ಆಗ ಗಟ್ಟಿಯಾಯಿತು. ಅದಕ್ಕೂ ಮೊದಲು ಮಂದೆಗಳಲ್ಲಿ ಎಲ್ಲ ಬಣ್ಣದವೂ ಇದ್ದವು.

ಆ ಬೇರೆ ಬಣ್ಣಗಳು ಎಲ್ಲಿ ಹೋದವು? ದಕ್ಷಿಣ ಆಫ್ರಿಕಾದವರು ಇದಕ್ಕೆ ಒಂದು ಸರಳ ದಾರಿ ಹಿಡಿದರು. ಪೂರ್ತಿ ಬಿಳಿಯದ್ದನ್ನು ಸವಾನಾ ಅಂತ, ಪೂರ್ತಿ ಕೆಂಪಿನದನ್ನು ಕಲಹಾರಿ ರೆಡ್ ಅಂತ ಬೇರೆ ಬೇರೆ ತಳಿಯಾಗಿಯೇ ಬೆಳೆಸಿದರು. ಅಂದರೆ ಅಲ್ಲಿ ಬಣ್ಣ ಬೇರೆಯಾದರೆ ಹೆಸರೇ ಬೇರೆ. ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಕೆಂಪಾದರೂ ಬೋಯರ್, ಕಪ್ಪಾದರೂ ಬೋಯರ್, ಚುಕ್ಕೆಯಾದರೂ ಬೋಯರ್. ಅಮೆರಿಕನ್ ಬೋಯರ್ ಗೋಟ್ ಅಸೋಸಿಯೇಷನ್‌ನ ತಳಿ ನಿಯಮದಲ್ಲೂ ಇದು ಸ್ಪಷ್ಟವಾಗಿದೆ: ಸಾಮಾನ್ಯವಾಗಿ ಬಿಳಿ ಮೈ ಕೆಂಪು ತಲೆ ಇರುತ್ತದೆ, ಆದರೆ ಯಾವ ಬಣ್ಣಕ್ಕೂ ಹೆಚ್ಚು ಒಲವಿಲ್ಲ. ಈ ಒಂದು ಸಾಲು ಇಲ್ಲದಿದ್ದರೆ ಇವತ್ತಿನ ಬಣ್ಣದ ಹರಾಜೇ ಇರುತ್ತಿರಲಿಲ್ಲ. ನೋಂದಣಿ ಕಾಗದ ಸಿಗದ ಮೇಕೆಗೆ ತಳಿ ಹರಾಜಿನಲ್ಲಿ ಯಾರು ದುಡ್ಡು ಸುರಿಯುತ್ತಾರೆ?

ಅಲ್ಲಿನವರ ಭಾಷೆಯಲ್ಲಿ ಬಣ್ಣಗಳಿಗೆ ಹೆಸರುಗಳಿವೆ. ಬಿಳಿ ಮೈ ಕೆಂಪು ತಲೆಯದ್ದು ಟ್ರೆಡಿಷನಲ್. ದೊಡ್ಡ ದೊಡ್ಡ ಮಚ್ಚೆ ಇರುವುದು ಪೇಂಟ್. ಒಂದೇ ಬಣ್ಣದವು ಸಾಲಿಡ್ ರೆಡ್, ಬ್ಲ್ಯಾಕ್. ಇವೆಲ್ಲಕ್ಕಿಂತ ಜಾಸ್ತಿ ಬೇಡಿಕೆ ಇರುವುದು ಡ್ಯಾಪಲ್‌ಗೆ, ಅಂದರೆ ನಾನು ಮೇಲೆ ಹೇಳಿದ ಸುಣ್ಣದ ಚುಕ್ಕೆಗೆ. ಕಪ್ಪು ಮೈ ಮೇಲೆ ಡ್ಯಾಪಲ್ ಬಂದರಂತೂ ಫೋಟೊ ನೋಡಿದವರು ಸುಮ್ನೆ ಮುಂದೆ ಹೋಗುವುದಿಲ್ಲ.

ಅಮೆರಿಕದಲ್ಲಿ ಮೇಕೆಗೆ ಎರಡು ಮಾರುಕಟ್ಟೆ ಇವೆ. ಒಂದು ಮಾಂಸದ್ದು. ಟೆಕ್ಸಾಸ್‌ನ ಸ್ಯಾನ್ ಏಂಜೆಲೊ ಊರಿನ ಕುರಿ-ಮೇಕೆ ಹರಾಜು ಆ ದೇಶದಲ್ಲೇ ದೊಡ್ಡದು. ಅಲ್ಲಿ ಮರಿಗಳು ಗುಂಪುಗುಂಪಾಗಿ ಬರುತ್ತವೆ, ತೂಕದ ಲೆಕ್ಕದಲ್ಲಿ ಹೋಗುತ್ತವೆ. ಸರ್ಕಾರದ ದರ್ಜೆಯೂ ಇದೆ, ಸೆಲೆಕ್ಷನ್ 1, 2, 3 ಅಂತ. ಅದು ಮೈಯಲ್ಲಿ ಮಾಂಸ ಎಷ್ಟು ತುಂಬಿದೆ ಅನ್ನುವುದರ ಮೇಲೆ ಕೊಡುವ ದರ್ಜೆ, ಬಣ್ಣದ ಮೇಲಲ್ಲ. ಕೊಳ್ಳುವವರ ಹಿಂದೆ ನಿಂತಿರುವುದು ಈದ್‌ಗೆ ಮರಿ ಹುಡುಕುವ ಮುಸ್ಲಿಂ ಕುಟುಂಬಗಳು, ಈಸ್ಟರ್‌ಗೆ ಬೇಕಾದವರು, ಮೆಕ್ಸಿಕೊ ಮತ್ತು ಕೆರಿಬಿಯನ್ ಮೂಲದವರು, ನಮ್ಮ ದಕ್ಷಿಣ ಏಷ್ಯಾದವರು. ಡಲ್ಲಾಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ಇರುವ ಕನ್ನಡದ ಮನೆಯ ಭಾನುವಾರದ ಮಟನ್ ಸಾರಿಗೂ ಇದೇ ಸಾಲಿನಿಂದ ಮಾಂಸ ಬಂದಿರಬಹುದು, ಇಲ್ಲವೇ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದಿರಬಹುದು. ಅಮೆರಿಕ ತರಿಸಿಕೊಳ್ಳುವ ಮೇಕೆ ಮಾಂಸದ ಬಹುಪಾಲು ಅಲ್ಲಿಯದೇ. ಒಟ್ಟಿನಲ್ಲಿ ಚರ್ಮ ಸುಲಿದ ಮೇಲೆ ಚುಕ್ಕೆ ಎಲ್ಲಿ?

ಇನ್ನೊಂದು ತಳಿ ಮಾರುಕಟ್ಟೆ. ಇಲ್ಲಿ ಮೇಕೆ ಒಂದೊಂದಾಗಿ ಬರುತ್ತದೆ. ಕೈಯಲ್ಲಿ ಕ್ಯಾಟಲಾಗ್, ಅದರಲ್ಲಿ ಲಾಟ್ ನಂಬರ್, ಅಪ್ಪ-ಅಜ್ಜನ ಹೆಸರು, ಪ್ರದರ್ಶನಗಳಲ್ಲಿ ಗೆದ್ದ ಬಹುಮಾನ. ಫುಲ್‌ಬ್ಲಡ್ಡೋ ಪ್ಯೂರ್‌ಬ್ರೆಡ್ಡೋ ಅನ್ನುವುದೂ ಬರೆದಿರುತ್ತದೆ. ಇವೆರಡೂ ಒಂದೇ ಅಂತ ನಮಗೆ ಕೇಳಿಸುತ್ತದೆ, ಒಂದೇ ಅಲ್ಲ. ಫುಲ್‌ಬ್ಲಡ್ ಅಂದರೆ ವಂಶದಲ್ಲಿ ಬೇರೆ ರಕ್ತವೇ ಇಲ್ಲ. ಪ್ಯೂರ್‌ಬ್ರೆಡ್ ಅಂದರೆ ಬೇರೆ ಮೇಕೆಯಿಂದ ಶುರುವಾಗಿ, ತಲೆಮಾರಿನ ಮೇಲೆ ತಲೆಮಾರು ಬೋಯರ್ ಹೋತ ಬಿಟ್ಟು ಮೇಲಕ್ಕೆ ತಂದದ್ದು. ಹೆಣ್ಣಾದರೆ 16ರಲ್ಲಿ 15 ಪಾಲು, ಗಂಡಾದರೆ 32ರಲ್ಲಿ 31 ಪಾಲು ಬೋಯರ್ ಆಗಿರಬೇಕು. ಬಣ್ಣವೂ ಇದ್ದು ಫುಲ್‌ಬ್ಲಡ್ಡೂ ಆಗಿದ್ದರೆ ಬಿಡ್ ಮಾಡುವವರು ಇನ್ನೂ ಬಿಸಿಯಾಗುತ್ತಾರೆ. ಈಗ ಬಹಳಷ್ಟು ಹರಾಜು ಆನ್‌ಲೈನ್. ಅಲ್ಲಿ ಕೈಯಿಂದ ಬೆನ್ನು ಹಿಡಿದು ನೋಡುವ ಹಾಗಿಲ್ಲ, ಹಲ್ಲು ಬಿಡಿಸಿ ನೋಡುವ ಹಾಗಿಲ್ಲ. ಕಾಣುವುದು ಫೋಟೊ. ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಅಲ್ವಾ? ಬಣ್ಣದ ಬೆಲೆ ಏರಿದ್ದಕ್ಕೂ ಹರಾಜು ಮೊಬೈಲಿಗೆ ಬಂದದ್ದಕ್ಕೂ ಸಂಬಂಧ ಇದ್ದೇ ಇದೆ ಅನ್ನುವುದು ನನ್ನ ಅನಿಸಿಕೆ.

ಈ ಎರಡೂ ಮಾರುಕಟ್ಟೆಗಳ ನಡುವಿನ ಅಂತರ ನೋಡಲು ಒಂದು ಸಣ್ಣ ಲೆಕ್ಕ ಹಾಕೋಣ. 70 ಪೌಂಡ್ ತೂಗುವ ಮರಿಗೆ ಪೌಂಡಿಗೆ 3 ಡಾಲರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. 210 ಡಾಲರ್ ಆಯಿತು. ಅದೇ ಮರಿಯ ಅಣ್ಣನನ್ನು ತಳಿಗೆಂದು ಒಬ್ಬರು 3,000 ಡಾಲರ್ ಕೊಟ್ಟು ಒಯ್ದರು ಅಂತ ಇಟ್ಟುಕೊಳ್ಳಿ. ಆ ಉಳಿದ 2,790 ಡಾಲರನ್ನು ಮಾಂಸ ತಿನ್ನುವವರು ಕೊಡುವುದಿಲ್ಲ. ಇನ್ನೊಬ್ಬ ತಳಿಗಾರ ಕೊಡಬೇಕು. ಅವನು ಕೊಡುವುದು ತನ್ನಿಂದ ಮತ್ತೊಬ್ಬ ತಳಿಗಾರ ಮರಿ ಕೊಳ್ಳುತ್ತಾನೆ ಅನ್ನುವ ನಂಬಿಕೆಯ ಮೇಲೆ. ಒಳ್ಳೆ ಟ್ರೆಡಿಷನಲ್ ಹೋತಕ್ಕೂ ಇದು ಅನ್ವಯಿಸುತ್ತದೆ. ಆದರೆ ಅಲ್ಲಿ ಕನಿಷ್ಠ ಒಂದು ಸಮರ್ಥನೆ ಇದೆ: ಆ ಹೋತದ ಮರಿಗಳು ಬೇಗ ತೂಕ ಬಂದರೆ ಮಾಂಸದ ಮಾರುಕಟ್ಟೆಯೇ ಆ ದುಡ್ಡನ್ನು ನಿಧಾನಕ್ಕೆ ವಾಪಸ್ ಕೊಡುತ್ತದೆ. ಚುಕ್ಕೆಗೆ ಆ ಬೆನ್ನೆಲುಬು ಇಲ್ಲ. ಅದಕ್ಕೆ ಬೆಲೆ ಬರುವುದು ಅದು ಅಪರೂಪ ಅನ್ನುವ ಒಂದೇ ಕಾರಣಕ್ಕೆ.

ಅಪರೂಪ ಎಷ್ಟು ದಿನ ಅಪರೂಪವಾಗಿರುತ್ತದೆ ಅನ್ನುವುದು ವಂಶವಾಹಿಯ ವಿಷಯ.

ಬೋಯರ್ ಮೈ ಯಾಕೆ ಬಿಳಿ ಅನ್ನುವುದಕ್ಕೆ 2016ರಲ್ಲಿ ಒಂದು ಚೆಂದದ ಉತ್ತರ ಸಿಕ್ಕಿತು. ವಿಜ್ಞಾನಿಗಳು 358 ಬೋಯರ್ ಮೇಕೆಗಳನ್ನು ಪರೀಕ್ಷಿಸಿದರು. 17ನೇ ವರ್ಣತಂತುವಿನಲ್ಲಿ ಒಂದು ಉದ್ದನೆಯ ತುಂಡು ಕೆಲವಕ್ಕೆ ಒಂದೇ ಸಲ ಇದೆ, ಕೆಲವಕ್ಕೆ ಎರಡು ಪ್ರತಿ, ಕೆಲವಕ್ಕೆ ಮೂರು ಪ್ರತಿ. ಪ್ರತಿಗಳು ಹೆಚ್ಚಾದಷ್ಟೂ ಮೈಯಲ್ಲಿ ಬಿಳಿ ಹೆಚ್ಚು. ಗೋಡೆಗೆ ಸುಣ್ಣದ ಒಂದು ಕೋಟು, ಎರಡು ಕೋಟು ಹೊಡೆದ ಹಾಗೆ. ಟ್ರೆಡಿಷನಲ್‌ಗೂ ಬಣ್ಣದ ಮೇಕೆಗೂ ಕೂಡಿಸಿದಾಗ ನಡುಮಧ್ಯದ ಮಚ್ಚೆ ಮರಿಗಳು ಯಾಕೆ ಹುಟ್ಟುತ್ತವೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಡ್ಯಾಪಲ್ ಬೇರೆ ಕಥೆ. ತಳಿಗಾರರ ಅನುಭವದ ಪ್ರಕಾರ ಅದು ಪ್ರಬಲ ಗುಣ. ಅಪ್ಪ-ಅಮ್ಮನಲ್ಲಿ ಒಬ್ಬರಿಗೆ ಚುಕ್ಕೆ ಇದ್ದರೆ ಸಾಕು, ಮರಿಗೆ ಬರಬಹುದು. ಇಬ್ಬರಿಗೂ ಇಲ್ಲದಿದ್ದರೆ ಬರುವುದಿಲ್ಲ. ಇನ್ನೊಂದು ತಮಾಷೆ ಇದೆ. ಚುಕ್ಕೆ ಬಿಳಿಯದು. ಬಿಳಿ ಮೈ ಮೇಲೆ ಬಿಳಿ ಚುಕ್ಕೆ ಹೇಗೆ ಕಾಣಬೇಕು? ಹಾಗಾಗಿ ಕೆಲವು ಮೇಕೆಗಳಲ್ಲಿ ತಲೆಯ ಕೆಂಪಿನ ಮೇಲಷ್ಟೇ ನಾಲ್ಕು ಚುಕ್ಕೆ ಇಣುಕುತ್ತವೆ. ಗೊತ್ತಿಲ್ಲದವರು ಅದನ್ನು ಟ್ರೆಡಿಷನಲ್ ಬೆಲೆಗೆ ಮಾರಿಬಿಡುತ್ತಾರೆ, ಗೊತ್ತಿದ್ದವರು ಸದ್ದಿಲ್ಲದೆ ಕೊಂಡುಕೊಳ್ಳುತ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. ಇಂಥ ಗುಣದ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರಬಹುದು. ಒಂದು ಡ್ಯಾಪಲ್ ಹೋತಕ್ಕೆ ಒಂದೇ ಪ್ರತಿ ಇದೆ ಅಂತ ಹಿಡಿಯೋಣ. ಅದರ ಒಂದೊಂದು ಮರಿಗೂ ಚುಕ್ಕೆ ಬರುವ ಸಾಧ್ಯತೆ ಅರ್ಧ. ಚುಕ್ಕೆ ಇಲ್ಲದ 30 ಮೇಕೆಗಳ ಜೊತೆ ಬಿಟ್ಟರೆ, ಬೋಯರ್ ಸಾಮಾನ್ಯವಾಗಿ ಅವಳಿ ಈಯುವುದರಿಂದ, ಸತ್ತದ್ದು ಕಳೆದು 50 ಮರಿ ಉಳಿದವು ಅನ್ನಿ. ಅದರಲ್ಲಿ 25 ಡ್ಯಾಪಲ್. 12 ಗಂಡು ಅಂತ ಇಟ್ಟುಕೊಳ್ಳಿ. ಆ 12 ಹೋತಗಳು 12 ಫಾರ್ಮ್‌ಗಳಿಗೆ ಹೋಗಿ ಅಷ್ಟಷ್ಟೇ ಕೆಲಸ ಮಾಡಿದರೆ ಮುಂದಿನ ಸುತ್ತಿಗೆ 300 ಡ್ಯಾಪಲ್. ಅದರ ಅರ್ಧ ಗಂಡು. ಮೂರನೇ ಸುತ್ತಿಗೆ 3,750. ಮೇಕೆ ಗಬ್ಬವಾದ ಐದೇ ತಿಂಗಳಿಗೆ ಈಯುತ್ತದೆ. ಹೋತ ವರ್ಷ ತುಂಬುವ ಮೊದಲೇ ಕೆಲಸಕ್ಕೆ ಬರುತ್ತದೆ. ಇದು ಕಾಗದದ ಲೆಕ್ಕ ನಿಜ. ಎಲ್ಲ ಹೋತಕ್ಕೂ 30 ಮೇಕೆ ಸಿಗುವುದಿಲ್ಲ, ಅರ್ಧಕ್ಕರ್ಧ ಬೀಜ ಒಡೆಸಿಕೊಂಡು ಮಾಂಸಕ್ಕೆ ಹೋಗುತ್ತವೆ. ಆದರೂ ದಿಕ್ಕು ಯಾವುದು ಅಂತ ಕಾಣುತ್ತದೆ. ಪ್ರಬಲ ಗುಣವೊಂದನ್ನು ಅಪರೂಪವಾಗಿ ಉಳಿಸುವುದು ಕಷ್ಟ. ಬೆಲೆ ಹೆಚ್ಚಿದಷ್ಟೂ ಹುಟ್ಟಿಸುವವರು ಹೆಚ್ಚುತ್ತಾರೆ. ಹುಟ್ಟಿದಷ್ಟೂ ಬೆಲೆ ಇಳಿಯುತ್ತದೆ.

ಇದು ಮಾರುವವರಿಗೂ ಗೊತ್ತು. ಅದಕ್ಕೇ ಅವರು ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತಾರೆ. ಬರೀ ಡ್ಯಾಪಲ್ ಸಾಮಾನ್ಯವಾದಾಗ ಎರಡೂ ಪ್ರತಿ ಇರುವ ಹೋತ ಅಂತ ಮಾರುತ್ತಾರೆ. ಯಾವ ಮೇಕೆಗೆ ಬಿಟ್ಟರೂ ಎಲ್ಲ ಮರಿಗಳೂ ಚುಕ್ಕೆಯವೇ ಅನ್ನುವ ಭರವಸೆ. ಇದನ್ನು ನಂಬಬಹುದಾ? ಚುಕ್ಕೆ ಇಲ್ಲದ ಮೇಕೆಗಳಲ್ಲಿ ಆ ಹೋತಕ್ಕೆ ಹತ್ತು ಮರಿ ಹುಟ್ಟಿ ಹತ್ತೂ ಚುಕ್ಕೆಯವಾದರೆ ನಂಬಬಹುದು. ಒಂದೇ ಪ್ರತಿ ಇರುವ ಹೋತಕ್ಕೆ ಹಾಗಾಗುವ ಸಾಧ್ಯತೆ 1,024ರಲ್ಲಿ ಒಂದು. ಇನ್ನೂ ಮರಿಯನ್ನೇ ಕಾಣದ ಎಳೆ ಹೋತದ ಬಗ್ಗೆ ಹೀಗೆ ಹೇಳಿದರೆ, ಅದರ ಅಪ್ಪ-ಅಮ್ಮ ಇಬ್ಬರಿಗೂ ಎರಡೆರಡು ಪ್ರತಿ ಇರುವ ಪುರಾವೆ ಇಲ್ಲದಿದ್ದರೆ, ಅದು ಆಸೆ ಮಾತ್ರ. ಅಪ್ಪ-ಅಮ್ಮ ಇಬ್ಬರೂ ಒಂದೊಂದೇ ಪ್ರತಿಯ ಡ್ಯಾಪಲ್ ಆಗಿದ್ದರೆ, ಅವರ ಚುಕ್ಕೆ ಮರಿಗಳಲ್ಲಿ ಮೂರರಲ್ಲಿ ಒಂದಕ್ಕೆ ಮಾತ್ರ ಎರಡು ಪ್ರತಿ ಇರುತ್ತದೆ. ಹರಾಜಿನ ಗದ್ದಲದಲ್ಲಿ ಈ ಮೂರರಲ್ಲಿ ಒಂದು ಅನ್ನುವುದು ಯಾರ ತಲೆಗೂ ಬರುವುದಿಲ್ಲ.

ಅಮೆರಿಕದ ಬೋಯರ್ ಮಂದಿಗೆ ಇಂಥ ಏರಿಳಿತ ಹೊಸದಲ್ಲ. 1993ರಲ್ಲಿ ಮೊದಲ ಬೋಯರ್‌ಗಳು ನ್ಯೂಜಿಲೆಂಡ್ ದಾರಿಯಾಗಿ ಅಲ್ಲಿಗೆ ಬಂದಾಗ ಒಂದೊಂದು ಮೇಕೆ ಹತ್ತಾರು ಸಾವಿರ ಡಾಲರ್‌ಗೆ ಹೋಗಿತ್ತು. ಸಮಯವೂ ಹಾಗಿತ್ತು. ಉಣ್ಣೆಗೂ ಮೊಹೇರ್‌ಗೂ, ಅಂದರೆ ಅಂಗೋರಾ ಮೇಕೆಯ ಕೂದಲಿಗೂ, ಸರ್ಕಾರ ಕೊಡುತ್ತಿದ್ದ ಪ್ರೋತ್ಸಾಹ ಧನ ನಿಲ್ಲಿಸಲು ಅದೇ ವರ್ಷ ತೀರ್ಮಾನವಾಯಿತು. ಟೆಕ್ಸಾಸ್‌ನ ಅಂಗೋರಾ ಸಾಕುವವರಿಗೆ ಬೇರೆ ದಾರಿ ಬೇಕಿತ್ತು. ಭ್ರೂಣ ವರ್ಗಾವಣೆ ಮಾಡಿ ಕಂಡ ಕಂಡ ಮೇಕೆಯ ಹೊಟ್ಟೆಯಲ್ಲಿ ಬೋಯರ್ ಹುಟ್ಟಿಸಿದರು. ಸಂಖ್ಯೆ ಏರಿತು, ಆ ಹುಚ್ಚು ಬೆಲೆ ಕೆಲವೇ ವರ್ಷದಲ್ಲಿ ನೆಲಕ್ಕೆ ಬಂತು. ಆದರೆ ತಳಿ ಉಳಿಯಿತು. ಯಾಕೆ? ಬೆಲೆ ಬಿದ್ದ ಮೇಲೂ ಅದರ ಮೈಯಲ್ಲಿ ಮಾಂಸ ಇತ್ತು. ನಮ್ಮ ಪಕ್ಕದ ಈರೋಡ್ ಕಡೆ 2012ರಲ್ಲಿ ಎಮು ಹಕ್ಕಿ ಸಾಕಣೆಯ ಹೂಡಿಕೆ ಯೋಜನೆಗಳು ಮುಳುಗಿದಾಗ ಹಾಗಾಗಲಿಲ್ಲ. ಮರಿ ಮಾರುವವರು, ಮರಿ ಕೊಳ್ಳುವವರು ಬಿಟ್ಟರೆ ಎಮುವನ್ನು ತಿನ್ನುವವರೇ ಇರಲಿಲ್ಲ. ದುಡ್ಡು ಹಾಕಿದವರು ಹಕ್ಕಿಗಳನ್ನು ಎಲ್ಲಿ ಬಿಡುವುದು ಅಂತ ಪರದಾಡಿದರು. ಚುಕ್ಕೆ ಬೋಯರ್ ಎಮು ಅಲ್ಲ, ಅದನ್ನು ಒಪ್ಪಬೇಕು. ಬಣ್ಣದ ಬೆಲೆ ಪೂರ್ತಿ ಕರಗಿದರೂ ಕೊನೆಗೆ 210 ಡಾಲರ್ ಇದೆ. ಆದರೆ 3,000 ಕೊಟ್ಟವನಿಗೆ 210ರ ಸಮಾಧಾನ ಎಷ್ಟು?

ಬಣ್ಣದವರ ಕಡೆಯ ಮಾತನ್ನೂ ಕೇಳಬೇಕು. ಅವರು ಸುಳ್ಳು ಹೇಳುತ್ತಿಲ್ಲ. ಹತ್ತು ಎಕರೆ ಕೊಂಡು ನಾಲ್ಕು ಮೇಕೆ ಕಟ್ಟಿ ಸಂಜೆ ಅವುಗಳ ನಡುವೆ ಕೂರುವವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮೇಕೆ ಅಂದರೆ ಅಂಗಳದ ಹೂಗಿಡದ ಹಾಗೆ. ಚೆಂದ ಕಾಣಬೇಕು. ಮಕ್ಕಳು ಶಾಲೆಯ ಕೃಷಿ ಸಂಘದಿಂದ ಪ್ರದರ್ಶನಕ್ಕೆ ಒಯ್ಯುತ್ತಾರೆ, ದೂರದಿಂದಲೇ ತಮ್ಮ ಮರಿ ಗುರುತು ಸಿಗಬೇಕು. ಇವರು ಕೊಡುವ ದುಡ್ಡು ನಿಜವಾದದ್ದೇ, ಮುಂದೆ ಮಾರುವ ಆಸೆಯಿಂದ ಕೊಟ್ಟದ್ದಲ್ಲ. ಮತ್ತೆ, ಮೊದಲೆಲ್ಲ ಚುಕ್ಕೆ ಇದ್ದರೆ ಸಾಕು ಅನ್ನುತ್ತಿದ್ದವರು ಈಗ ಚುಕ್ಕೆಯ ಜೊತೆ ಮೂಳೆಯ ದಪ್ಪವನ್ನೂ ಬೆನ್ನಿನ ಅಗಲವನ್ನೂ ಕೇಳುತ್ತಾರೆ. ಒಳ್ಳೆಯ ಮೈಕಟ್ಟಿನ ಬಣ್ಣದ ಹೋತ ಇವತ್ತು ಯಾವ ಟ್ರೆಡಿಷನಲ್‌ಗೂ ಕಮ್ಮಿ ಇಲ್ಲ.

ತೊಂದರೆ ಇರುವುದು ಆರಿಸುವ ಕೈಯಲ್ಲಿ. ತಳಿ ಬೆಳೆಸುವುದು ಅಂದರೆ ಹತ್ತರಲ್ಲಿ ಒಂದನ್ನು ಇಟ್ಟುಕೊಂಡು ಒಂಬತ್ತನ್ನು ಕಳಿಸುವುದು. ಆ ಹತ್ತರಲ್ಲಿ ಚುಕ್ಕೆ ಇರುವುದು ಐದೇ ಆದರೆ, ಆರಿಸಲು ನಿಮ್ಮ ಕೈಯಲ್ಲಿ ಉಳಿದದ್ದು ಐದು. ಎಲ್ಲಕ್ಕಿಂತ ಜೋರಾಗಿ ತೂಕ ಬಂದ ಮರಿ ಬಿಳಿಯಾಗಿದ್ದರೆ ಅದು ಗಾಡಿ ಹತ್ತುತ್ತದೆ. ಸುಮಾರಾಗಿರುವ ಚುಕ್ಕೆ ಮರಿ ಮಂದೆಯಲ್ಲಿ ಉಳಿಯುತ್ತದೆ. ಬೋಯರ್ ಕೊಳ್ಳುವವರು ಬಾಲ ಎತ್ತಿ ನೋಡಬೇಕು, ಅಡಿಯ ಚರ್ಮದಲ್ಲಿ ಬಣ್ಣ ಇದೆಯಾ ಅಂತ. ಬಿಸಿಲಿಗೆ ಸುಡದ ಹಾಗೆ ಅದು ಕಾಪಾಡುತ್ತದೆ. ಕೂದಲಿಲ್ಲದ ಜಾಗದಲ್ಲಿ ಶೇ. 75 ಆದರೂ ಬಣ್ಣ ಇರಬೇಕು ಅನ್ನುತ್ತದೆ ನಿಯಮ. ಮೊಲೆತೊಟ್ಟು ಎಣಿಸಬೇಕು. ಈ ತಳಿಯಲ್ಲಿ ಎರಡು ತೊಟ್ಟು ಅಂಟಿಕೊಂಡಿರುವುದು, ಗೊಂಚಲಾಗಿರುವುದು ಆಗಾಗ ಕಾಣುತ್ತದೆ, ಹಾಗಿದ್ದರೆ ಮರಿ ಹಾಲು ಕುಡಿಯಲು ಒದ್ದಾಡುತ್ತದೆ. ಮೇಲಿನ ಚುಕ್ಕೆಗೆ ಕಣ್ಣು ಅಂಟಿದವರು ಕೆಳಗೆ ಬಗ್ಗುವುದು ಕಮ್ಮಿ.

ಇದಕ್ಕಿಂತ ದೊಡ್ಡ ವಿಷಯ ಹೊಟ್ಟೆಹುಳ. ಬೋಯರ್ ಒಣ ಸೀಮೆಯ ಮೇಕೆ. ಅಮೆರಿಕದ ಆಗ್ನೇಯ ರಾಜ್ಯಗಳ ತೇವದ ಹುಲ್ಲುಗಾವಲಿನಲ್ಲಿ ರಕ್ತ ಹೀರುವ ಜಂತುಹುಳ ಅದನ್ನು ಹಿಂಡಿಬಿಡುತ್ತದೆ. ಟೆನೆಸೀ ಸ್ಟೇಟ್ ಯೂನಿವರ್ಸಿಟಿಯವರು ಬೋಯರ್, ಕಿಕೊ, ಸ್ಪ್ಯಾನಿಷ್ ಮೂರೂ ತಳಿಯ ಹೆಣ್ಣುಗಳನ್ನು ಒಂದೇ ಕಡೆ ಮೇಯಿಸಿ ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ. ಅಲ್ಲಿ ತಾಳಿಕೆಯಲ್ಲೂ ಮರಿ ಸಾಕಿ ದೊಡ್ಡದು ಮಾಡುವುದರಲ್ಲೂ ಬೋಯರ್ ಹಿಂದೆ ಬಿತ್ತು. ಅಂದರೆ ಈ ತಳಿಯಲ್ಲಿ ಈಗ ತುರ್ತಾಗಿ ಆರಿಸಬೇಕಾದ ಗುಣ ಇದ್ದರೆ ಅದು ಹುಳ ತಡೆಯುವ ಶಕ್ತಿ. ಅದನ್ನು ಅಳೆಯುವ ವಿಧಾನಗಳೂ ಇವೆ. ಹುಟ್ಟಿನ ತೂಕ, ಹಾಲು ಬಿಡಿಸಿದಾಗಿನ ತೂಕ, ಹಿಕ್ಕೆಯಲ್ಲಿ ಹುಳದ ಮೊಟ್ಟೆಯ ಎಣಿಕೆ ಬರೆದಿಟ್ಟು ತಳಿಮೌಲ್ಯ, ಅಂದರೆ ಆ ಗುಣ ಮರಿಗಳಿಗೆ ಎಷ್ಟು ದಾಟಬಹುದು ಅನ್ನುವ ಅಂದಾಜು, ಲೆಕ್ಕ ಹಾಕುವ ವ್ಯವಸ್ಥೆ ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಇದೆ. ಆದರೆ ಹರಾಜಿನ ಕ್ಯಾಟಲಾಗ್‌ನಲ್ಲಿ ಬಣ್ಣ ದಪ್ಪಕ್ಷರದಲ್ಲಿರುತ್ತದೆ, ಹಿಕ್ಕೆಯ ಎಣಿಕೆ ಹುಡುಕಿದರೂ ಸಿಗುವುದು ಕಷ್ಟ.

ಬಣ್ಣಕ್ಕೆ ಬೆಲೆ ಕೊಡುವುದು ಅಮೆರಿಕದವರ ಹುಚ್ಚು ಅಂತ ನಗುವ ಹಾಗೇನೂ ಇಲ್ಲ. ನಮ್ಮಲ್ಲಿ ಹೋರಿ ಕೊಳ್ಳುವಾಗ ಸುಳಿ ನೋಡುತ್ತಾರೆ. ಹರಕೆಗೆ ಕರಿ ಹೋತವೇ ಬೇಕು ಅನ್ನುವವರಿದ್ದಾರೆ. ಬಕ್ರೀದ್ ಹತ್ತಿರ ಬಂದಾಗ ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನದ ಸುತ್ತ ಒಮ್ಮೆ ಹೋಗಿ ನೋಡಿ. ಕಿವಿ ಉದ್ದ ಇದ್ದದ್ದಕ್ಕೆ ಒಂದು ಬೆಲೆ, ಮೈ ಮೇಲೆ ಚಂದ್ರನ ಆಕಾರದ ಮಚ್ಚೆ ಇದ್ದರೆ ಬೇರೆಯೇ ಬೆಲೆ. ಆದರೆ ಒಂದು ವ್ಯತ್ಯಾಸ ಇದೆ. ಆ ಮಚ್ಚೆಗೆ ದುಡ್ಡು ಕೊಟ್ಟವರು ಅದರ ಕೊನೆಯ ಗಿರಾಕಿ. ಅವರಿಗೆ ಅದನ್ನು ಮತ್ತೊಬ್ಬರಿಗೆ ಮಾರುವ ಯೋಚನೆ ಇಲ್ಲ. ಮುಂದಿನ ವರ್ಷ ಅಂಥ ಮಚ್ಚೆಯವು ಸಾವಿರ ಹುಟ್ಟಿದರೂ ಅವರಿಗೆ ನಷ್ಟವಿಲ್ಲ. ಬನ್ನೂರು ಕುರಿಗೆ ಕೊಡುವ ದೊಡ್ಡ ಬೆಲೆಯೂ ಹಾಗೇ, ಅದು ನಾಲಿಗೆಯವರೆಗೆ ಹೋಗಿ ಮುಟ್ಟುವ ಬೆಲೆ.

ಬೋಯರ್ ನಮ್ಮ ದೇಶಕ್ಕೂ ಬಂದು ಬಹಳ ವರ್ಷವಾಯಿತು. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಈ ತಳಿಯ ಮೇಲೆ ಕೆಲಸ ಮಾಡಿದೆ. ನಮಗೆ ನಾರಿ ಸುವರ್ಣ ಕುರಿ ಕೊಟ್ಟದ್ದೂ ಇದೇ ಸಂಸ್ಥೆ. ಕರ್ನಾಟಕದಲ್ಲೂ ಈಗ ಫಾರ್ಮ್‌ಗಳಲ್ಲಿ ಬೋಯರ್ ಮಿಶ್ರತಳಿ ಮಾರುತ್ತಾರೆ. ಇಲ್ಲಿ ಇನ್ನೂ ಡ್ಯಾಪಲ್ ಹುಚ್ಚು ಅಷ್ಟಾಗಿ ಹಿಡಿದಿಲ್ಲ. ಇಲ್ಲಿ ದುಡ್ಡು ಹುಟ್ಟಿಸುವ ಬಣ್ಣ ಬೇರೆ: ಕೆಂಪು ತಲೆ. ತಲೆ ಕೆಂಪಗೆ, ಮೈ ಬೆಳ್ಳಗೆ ಇದ್ದರೆ ಅಸಲಿ ಬೋಯರ್ ಅಂತ ವಿಡಿಯೊ ಮಾಡಿ ಹೇಳುತ್ತಾರೆ. ಆ ವರ್ಣತಂತುವಿನ ಪ್ರತಿಗಳ ವಿಷಯ ಗೊತ್ತಿದ್ದವರು ಇದಕ್ಕೆ ಮರುಳಾಗಬಾರದು. ಎರಡು ಮೂರು ತಲೆಮಾರು ಬೋಯರ್ ಹೋತ ಬಿಟ್ಟ ಊರ ಮೇಕೆಯ ಮರಿಯೂ ಹಾಗೆ ಕಾಣಬಹುದು. ಆ ಮರಿ ಕೆಟ್ಟದ್ದು ಅಂತಲ್ಲ. ಊರ ಮೇಕೆಯ ಗಟ್ಟಿತನ ಸೇರಿದ್ದರೆ ನಮ್ಮ ಮಳೆಗಾಲಕ್ಕೆ ಅದೇ ವಾಸಿ. ನಂದಿದುರ್ಗ, ಬೀದರಿ ಅಂತ ನಮ್ಮದೇ ಮಾನ್ಯತೆ ಪಡೆದ ಮೇಕೆ ತಳಿಗಳಿವೆ, ಒಂದು ಬಿಳಿ, ಇನ್ನೊಂದು ಕಪ್ಪು. ಅವಕ್ಕೆ ವಿಡಿಯೊ ಮಾಡುವವರು ಕಮ್ಮಿ. ಪೂರ್ತಿ ಬೋಯರ್ ಬೆಲೆ ಕೊಟ್ಟು ಮಿಶ್ರತಳಿ ತರಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಕೊಳ್ಳಲೇಬೇಕು ಅಂತಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಆ ಫಾರ್ಮ್‌ಗೆ ಹೋಗಿ. ತಾಯಿ ಮೇಕೆಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ದಕ್ಷಿಣ ಆಫ್ರಿಕಾದವರು ಇದಕ್ಕೆ ಫಮಾಚಾ ಅನ್ನುವ ಐದು ಮೆಟ್ಟಿಲಿನ ಚೀಟಿಯನ್ನೇ ಮಾಡಿದ್ದಾರೆ, ಕಡುಗೆಂಪಿನಿಂದ ಕಾಗದದ ಬಿಳಿಯವರೆಗೆ. ಕೆಂಪಗಿದ್ದರೆ ಮೈಯಲ್ಲಿ ರಕ್ತ ಇದೆ, ಬಿಳಿಚಿದ್ದರೆ ಹುಳ ಕುಡಿಯುತ್ತಿದೆ. ಆಮೇಲೆ ಮರಿಗಳ ತೂಕ ಬರೆದ ಪುಸ್ತಕ ತೋರಿಸಿ ಅನ್ನಿ. ತೋರಿಸಿದರೆ ಕೂತು ಮಾತಾಡಿ. ಪುಸ್ತಕ ಇಲ್ಲ, ಆದರೆ ತಲೆ ನೋಡಿ ಎಷ್ಟು ಕೆಂಪಗಿದೆ ಅಂದರೆ, ಕೆಜಿ ಲೆಕ್ಕದಲ್ಲಿ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿ.